ಜಾಲರಿಗೆ ಕಟ್ಟಿದ ಯಜಮಾನ

ಗಂಡನ ಕಾರನ್ನು ಮಾರುವುದಿಲ್ಲ ಎಂದು ಗಂಗೂ ಒಂದೇ ಸಲ ಹೇಳಿದಳು. ಚಿತ್ತಾಕುಲ ಊರಿಗೆಲ್ಲ ಕೇಳಿಸಿತು.

ತುಳಸಿದಾಸ ಬಾಡಿಗೆಗೆ ಓಡಿಸುತ್ತಿದ್ದ ಕಾರು ಅದು. ಸ್ಟೇರಿಂಗ್ ಹಿಡಿಯಲು ಅವನೇ ಅವಳಿಗೆ ಕಲಿಸಿದ್ದ. ಅವನು ತೀರಿಹೋದ ಮೇಲೆ ಕಾರಿಗೂ ಏನೋ ಬಡಿಯಿತು. ಏರು ಕಂಡರೆ ಸಾಕು, ಎಂಜಿನ್ ಕುದಿಯುತ್ತಿತ್ತು.

ಮೈದುನ ಮಂಗೇಶ ಅಂಕೋಲೆಯಲ್ಲಿ ಕೇಶವ ಎಂಬ ಹಳೆ ಗಾಡಿ ವ್ಯಾಪಾರಿಯನ್ನು ಗೊತ್ತುಮಾಡಿಟ್ಟಿದ್ದ. ಅತ್ತಿಗೆ–ಮೈದುನರ ನಡುವೆ ಒಪ್ಪಂದವಾಯಿತು. ಅಂಕೋಲೆವರೆಗೆ ಕುದಿಯದೆ ಹೋದರೆ ಕಾರು ಗಂಗೂದು. ಕುದಿದರೆ ಕೇಶವನದು.

ಗಂಗೂ ರೇಡಿಯೇಟರ್ ತೊಳೆದಳು. ಹೊಸ ಪೈಪು ಹಾಕಿಸಿದಳು. ಬಾವಿಯ ಸಿಹಿನೀರು ತುಂಬಿದಳು. ಎಂಜಿನ್ನಿಗೆ ಬೇಕಾದದ್ದು ನೀರು, ನೀರಿನ ವಿದ್ಯೆ ತನಗೆ ಗೊತ್ತು ಎಂದು ಮಂಗೇಶನಿಗೆ ಪಾಠವನ್ನೂ ಮಾಡಿದಳು.

ಅದು ೨೦೦೪ರ ಚುನಾವಣೆಯ ಬೇಸಿಗೆ. ಕಾರಿನ ಮುಂದಿನ ಜಾಲರಿಗೆ ಗಂಗೂ ತಗಡಿನ ಬೋರ್ಡು ಬಿಗಿದಿದ್ದಳು, ಅದರ ತುಂಬ ತುಳಸಿದಾಸನ ಮುಖ, ಮೇಲೆ ದಪ್ಪ ಗೊಂಡೆಹೂವಿನ ಮಾಲೆ. ಸತ್ತರೂ ಅವನು ಮುಂದೆಯೇ ಇರಲಿ ಎಂದು ತಿಂಗಳ ಮಾಸಿಕ ಮುಗಿಸಿದ ಮರುದಿನವೇ ಬರೆಸಿ ಕಟ್ಟಿದ್ದು. ಮಂಗೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಕೋಡಿಬಾಗದಲ್ಲಿ ದಾರಿಹೋಕರಿಬ್ಬರು ಕೈ ಮುಗಿದರು. ಒಬ್ಬ ಯಾವ ಪಕ್ಷ ಎಂದು ಕೇಳಿದ.

ಬಿಣಗಾ ಏರಿನಲ್ಲಿ ಕಾರು ಬುಸ್ಸೆಂದಿತು. ಹೊಗೆಯೊಳಗೆ ತುಳಸಿದಾಸ ನಗುತ್ತಿದ್ದ.

"ಆಯ್ತಲ್ಲ ವೈನಿ," ಎಂದ ಮಂಗೇಶ. "ಕೇಶವನಿಗೆ ಫೋನ್ ಮಾಡುದಾ?"

ಗಂಗೂ ಕೆಳಗಿಳಿದು ಬಾನೆಟ್ ಎತ್ತಿದಳು. ತಣಿಯುವವರೆಗೆ ಕಾದು, ನೀರು ಹಾಕಿ, ಎಂಜಿನ್ ಚಾಲೂ ಮಾಡಿ ಮುಂದೆ ಬಂದು ನಿಂತಳು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದ್ದರೆ ಸೆರಗು ಜಾಲರಿಗೆ ಅಂಟಬೇಕು. ಸೆರಗು ಹಿಡಿದಳು. ಅದು ತುಳಸಿದಾಸನ ಮೂಗಿಗೆ ತಾಗಿ ಸುಮ್ಮನೆ ಕೆಳಗೆ ಬಿತ್ತು.

ನೀರನ್ನು ತಣಿಸುವುದು ಗಾಳಿ. ಗಾಳಿ ಬರುವ ಬಾಗಿಲಿಗೇ ಗಂಡನನ್ನು ಕೂರಿಸಿದ್ದಳು!

ಬೋರ್ಡಿಗೆ ಬಿಗಿದ ತಂತಿ ಬಿಚ್ಚಿದಳು. ಬೋರ್ಡು ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಮಂಗೇಶನ ತೊಡೆಯೇರಿತು. ಕಾರು ತೋಡೂರು ದಾಟಿತು, ಅವರ್ಸಾ ದಾಟಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. ಅಷ್ಟು ದೂರ ಅಣ್ಣನ ಮುಖಕ್ಕೆ ಮುಖ ಕೊಟ್ಟು ಕೂತ ಮಂಗೇಶ ಅಂಕೋಲೆಯಲ್ಲಿ ಇಳಿದವನೇ, ಕಾರು ಕೊಡುವುದಿಲ್ಲ ಎಂದು ಕೇಶವನಿಗೆ ತಾನೇ ಹೇಳಿಬಿಟ್ಟ.

ಗಂಗೂಗೆ ಧೈರ್ಯ ಮರಳಿತು.

"ಕಾರಿಂದು ತಪ್ಪಿಲ್ಲ ಕೇಶವಣ್ಣ," ಎಂದಳು. "ಎಲ್ಲ ಅವರದೇ. ಮನೇಲೂ ಹಿಂಗೇ, ಫ್ಯಾನಿಗೆ ಅಡ್ಡ ನಿಲ್ಲುದು, ನಾವು ಬೆವರುದು. ಸರೀರಿ ಅಂದ್ರೆ ಒಂದಿನ ಸರೀಲಿಲ್ಲ."

ಮಂಗೇಶ ಬೋರ್ಡನ್ನು ಗೋಡೆಗೆ ಒರಗಿಸಿದ.

"ಮನೇಲಿ ಅಣ್ಣ ತಾನಾಗೇ ನಿಂತಿದ್ದ ವೈನಿ. ಈ ಸಲ ತಂತಿ ಬಿಗಿದು ನಿಲ್ಲಿಸಿದ್ದು ನೀವು."

ಗಂಗೂ ಸೆರಗಿನಿಂದ ತುಳಸಿದಾಸನ ಮೂಗಿನ ಮೇಲಿನ ಮಸಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.