ಮುಂದಕ್ಕೆ ಹಾಕಿದ ಗಡಿಯಾರ

ಹೊತ್ತನ್ನು ಹೇಗೆ ಬಳಸಬೇಕೆಂಬ ವಿಷಯದಲ್ಲಿ ಇಡೀ ದೊಡ್ಡಬಳ್ಳಾಪುರದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಹೀಗೆಂದು ಬೇರೆ ಯಾರೂ ಹೇಳದೆ ಹೋದ್ದರಿಂದ ನಾನೇ ಹೇಳಬೇಕಾಗಿದೆ. ನಾನು ಮಿಷನ್ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ಪುಟ್ಟ ಚರ್ಚಿನ ಬೀಗ ತೆಗೆಯುವುದು, ಗಂಟೆ ಬಾರಿಸುವುದು ಕೂಡ ನನ್ನದೇ ಕೆಲಸ. ಸಭೆಯಲ್ಲಿ ಸರಪಳಿ ಗಡಿಯಾರ ಇಟ್ಟುಕೊಂಡವನು ನಾನೊಬ್ಬನೇ.

ಇಷ್ಟೆಲ್ಲ ಇದ್ದರೂ ನಾನು ನಿಜವಾಗಿ ಎಚ್ಚೆತ್ತದ್ದು ಹಿರಿಯ ಅಯ್ಯನವರ ಪ್ರಸಂಗ ಕೇಳಿದ ಮೇಲೆ. ನಮ್ಮ ಊರಿಗೆ ಆಗ ಖಾಯಂ ಪಾದ್ರಿ ಇರಲಿಲ್ಲ. ಅಯ್ಯನವರು ಆಗಾಗ ಬೆಂಗಳೂರಿನಿಂದ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಆ ಭಾನುವಾರ ಅವರು, "ಹೊತ್ತು ದೇವರ ಸೊತ್ತು. ನಾವು ಅದರ ಒಡೆಯರಲ್ಲ, ಪಾರುಪತ್ಯಗಾರರು. ಒಡೆಯನು ಒಂದು ದಿನ ಲೆಕ್ಕ ಕೇಳುತ್ತಾನೆ" ಎಂದರು. ಲೆಕ್ಕ ಎಂದ ಕೂಡಲೇ ಸಭೆಯೆಲ್ಲ ತಲೆ ತಗ್ಗಿಸಿತು. ನಾನು ಮಾತ್ರ ಎದೆ ಉಬ್ಬಿಸಿದೆ. ಲೆಕ್ಕ ನನ್ನ ವಿಷಯವಲ್ಲವೇ!

ಮಾರನೆಯ ಬೆಳಗಿನಿಂದಲೇ ಮನೆಯಲ್ಲಿ ಸುಧಾರಣೆ ಆರಂಭವಾಯಿತು. ಒಂದು ಹೊತ್ತಿನಲ್ಲಿ ಎರಡು ಕೆಲಸ, ಇದು ನನ್ನ ಪದ್ಧತಿ. ದೇವರ ವಾಕ್ಯ ಬಾಯಿಪಾಠ ಮಾಡುತ್ತ ಮುಖಕ್ಷೌರಕ್ಕೆ ಕುಳಿತೆ. ವಾಕ್ಯ ಬಂತು. ಅರ್ಧ ಮೀಸೆ ಹೋಯಿತು! ಉಳಿದರ್ಧವನ್ನೂ ಬೋಳಿಸಿಕೊಂಡು ಶಾಲೆಗೆ ಹೋದರೆ ಹೆಡ್‌ಮಾಸ್ತರರು ಎದ್ದು ನಿಂತು, "ತಮಗೆ ಯಾರು ಬೇಕಾಗಿತ್ತು?" ಎಂದು ವಿನಯದಿಂದ ಕೇಳಿದರು.

ಮನೆಯ ಪ್ರಾರ್ಥನೆಯನ್ನೂ ಚುರುಕುಗೊಳಿಸಿದೆ. ನನ್ನ ಹೆಂಡತಿ ಕರುಣಮ್ಮ ಕಣ್ಣು ಮುಚ್ಚುವಷ್ಟರಲ್ಲಿ ನಾನು ಆಮೆನ್ ಹೇಳಿ ಎದ್ದಿರುತ್ತಿದ್ದೆ.

"ರೀ, ದೇವ್ರಿಗೂ ಕೇಳಿಸ್ಕೊಳ್ಳೋಕೆ ಒಂಚೂರು ಪುರುಸೊತ್ತು ಕೊಡಿ," ಎಂದಳು ಅವಳು.

"ದೇವರಿಗೆ ಎಲ್ಲಾ ಮೊದಲೇ ಗೊತ್ತಿರತ್ತೆ ಕಣೇ."

"ಹಾಗಿದ್ರೆ ಆ ಆಮೆನ್ನೂ ಉಳಿಸಿಬಿಡಿ," ಎಂದು ಅಡುಗೆಮನೆಗೆ ಹೋದಳು.

ಇನ್ನು ಪಕ್ಕದ ಮನೆಯ ಮುನಿಯಪ್ಪ. ರಾಗಿ ಬೆಳೆಯುವ ಒಕ್ಕಲಿಗ, ಬಹಳ ಒಳ್ಳೆಯವನು. ಆದರೆ ಮಳೆ ಬಂತು ಎನ್ನಬೇಕಾದರೂ ಮೋಡ ಎಲ್ಲಿ ಹುಟ್ಟಿತು ಎಂಬಲ್ಲಿಂದ ಶುರು ಮಾಡುವ ಮನುಷ್ಯ. ಸಂಜೆ ನಮ್ಮ ಜಗಲಿಗೆ ಬಂದು ಕುಳಿತು, "ಮೇಷ್ಟ್ರೇ, ಏನಾಯ್ತು ಅಂದ್ರೆ..." ಎಂದು ತೊಡಗುತ್ತಿದ್ದಂತೆ ನಾನು ಗಡಿಯಾರ ಹೊರಗೆ ತೆಗೆದು ಅವನ ಮುಖದ ಮುಂದೆ ಹಿಡಿಯುತ್ತಿದ್ದೆ. ಪಾಪ, ಅವನು ಅದನ್ನು ಚೆನ್ನಾಗಿ ನೋಡಿ, "ಬೋ ಚೆನ್ನಾಗೈತೆ," ಎಂದು ಮೆಚ್ಚಿ ಎದ್ದು ಹೋಗುತ್ತಿದ್ದ.

ಹೀಗೆ ನಾನು ಪರಿಪೂರ್ಣತೆಯ ಕಡೆಗೆ ಸಾಗುತ್ತಿದ್ದಾಗ ಕರುಣಮ್ಮನ ತಂಗಿ ಸುಗುಣಳ ಮದುವೆ ಗೊತ್ತಾಯಿತು. ತಂದೆಯಿಲ್ಲದ ಹುಡುಗಿ, ನಮ್ಮ ಮನೆಯಲ್ಲೇ ಬೆಳೆದವಳು. ಗಂಡು ಹೊಸಕೋಟೆಯ ಕಡೆ ಕಾಂಪೌಂಡರ್. ಆಗ ಎರಡನೆಯ ಮಹಾಯುದ್ಧದ ಕಾಲ, ಅವನಿಗೆ ರಜೆ ಸಿಕ್ಕಿದ್ದೇ ಒಂದು ಪವಾಡ. ಆ ದಿನ ತಪ್ಪಿದರೆ ಆಮೇಲೆ ಉಪವಾಸದ ಕಾಲ ಬರುತ್ತದೆ, ಈಸ್ಟರ್ ಕಳೆಯುವವರೆಗೆ ಮದುವೆ ಮಾಡುವಂತಿಲ್ಲ. ಅಯ್ಯನವರು ಪ್ರತಿ ಸಲ ಬಸ್ಸಿನಲ್ಲಿ ಬರುತ್ತಿದ್ದರು. ಆದರೆ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಆ ಬಸ್ಸು ಯಾವ ಏರಿನಲ್ಲಿ ನಿಟ್ಟುಸಿರು ಬಿಟ್ಟು ನಿಲ್ಲುತ್ತದೆಂದು ಹೇಳುವಂತಿರಲಿಲ್ಲ. ಅದಕ್ಕೇ ಈ ಸಲ ರೈಲಿನಲ್ಲಿ ಬರುವುದಾಗಿ ತಿಳಿಸಿದ್ದರು.

"ಅಯ್ಯನವರನ್ನು ಸ್ಟೇಷನ್ನಿಂದ ಕರ್ಕೊಂಡು ಬರೋ ಜವಾಬ್ದಾರಿ ನನ್ನದು," ಎಂದು ನಾನೇ ಘೋಷಿಸಿದೆ. ಯಾರೂ ಕೇಳಿರಲಿಲ್ಲ!

ಇಲ್ಲಿ ಆ ಕಾಲದ ಗಡಿಯಾರಗಳ ಬಗ್ಗೆ ಒಂದು ಮಾತು ಹೇಳಬೇಕು. ಯುದ್ಧದ ದೆಸೆಯಿಂದ ಸರ್ಕಾರದವರು ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರು. ರೈಲು ಈ ಹೊಸ ಹೊತ್ತಿನಲ್ಲಿ ಓಡುತ್ತಿತ್ತು. ನಮ್ಮ ಜನ, ದನ, ಕೋಳಿ, ಚರ್ಚು ಮತ್ತು ನನ್ನ ಜೇಬಿನ ಗಡಿಯಾರ ಹಳೆಯ ಹೊತ್ತಿನಲ್ಲೇ ಇದ್ದವು.

ಮದುವೆಯ ದಿನ ಬೆಳಗಾಗುತ್ತಲೇ ಕರುಣಮ್ಮ ಅವಸರಪಡಿಸಿದಳು. "ರೈಲು ಒಂಬತ್ತಕ್ಕಲ್ವಾ? ಹೊರಡಿ ಮತ್ತೆ."

"ಅದು ಹೊಸ ಹೊತ್ತು ಕಣೇ," ಎಂದು ನಾನು ಕರಿಹಲಗೆಯ ಮುಂದೆ ನಿಂತವನಂತೆ ವಿವರಿಸಿದೆ. "ಗಡಿಯಾರ ಮುಂದಕ್ಕೆ ಹಾಕಿದಾರೆ. ಮದುವೆ ಮುಂದಕ್ಕೆ ಹಾಕಿದ್ರು ಅಂದ್ರೆ ಏನರ್ಥ? ತಡವಾಗಿ ಆಗತ್ತೆ ಅಂತ. ರೈಲೂ ಹಾಗೇನೇ. ನಮ್ಮ ಗಡಿಯಾರದಲ್ಲಿ ಹತ್ತು ಹೊಡೆದಾಗ ಬರತ್ತೆ."

ಅವಳು ಸೌಟು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದಳು. "ಅಲ್ಲಾ ರೀ, ಅವರ ಗಡಿಯಾರ ನಮಗಿಂತ ಮುಂದೆ ಇದ್ರೆ, ಅವರಿಗೆ ಮೊದಲೇ ಒಂಬತ್ತಾಗಿಬಿಡಲ್ವಾ? ನಮಗಿನ್ನೂ ಎಂಟೇ ಆಗಿರತ್ತೆ."

"ಲೆಕ್ಕದ ಮೇಷ್ಟ್ರು ನೀನೋ ನಾನೋ?"

"ನೀವೇ," ಎಂದಳು. ಆ ಉತ್ತರದಲ್ಲಿ ನನಗೆ ಗೌರವವೇ ಕೇಳಿಸಿತು.

ಹೀಗೆ ಲೆಕ್ಕದ ಬಲದಿಂದ ಬೇಕಾದಷ್ಟು ಹೊತ್ತು ಸಂಪಾದಿಸಿದ ಮೇಲೆ ಅದನ್ನು ಹಾಳು ಮಾಡುವುದುಂಟೇ? ಸ್ಟೇಷನ್ನಿಗೆ ಹೋಗುವ ಮುಂಚೆ ಪೇಟೆಯಲ್ಲಿ ಹೂವು ಕೊಳ್ಳುವುದು, ದರ್ಜಿಯ ಹತ್ತಿರ ನನ್ನ ಹೊಸ ಕೋಟು ಪಡೆಯುವುದು ಎಂದು ನಿಶ್ಚಯಿಸಿದೆ. ಚರ್ಚಿನ ಬೀಗದ ಕೈಯನ್ನೂ ಜೇಬಿಗೆ ಹಾಕಿಕೊಂಡೆ. ಬರುವಾಗ ಹಾಗೇ ಬಾಗಿಲು ತೆಗೆದರಾಯಿತು. ಒಂದು ಓಡಾಟ ಉಳಿಯಿತು!

ಹೂವಿನ ಅಂಗಡಿಯಲ್ಲಿ ಸೇವಂತಿಗೆ ಆರಿಸುತ್ತಿದ್ದಾಗ ಮುನಿಯಪ್ಪ ಬೆವರೊರೆಸುತ್ತ ಬಂದ.

"ಅಯ್ಯೋ, ಇಲ್ಲಿದೀರಾ ಮೇಷ್ಟ್ರೇ! ಏನಾಯ್ತು ಅಂದ್ರೆ, ಬೆಳಿಗ್ಗೆ ಗಾಡಿ ಹೊಡ್ಕಂಡು ಕಣದ ಕಡೆ ಬತ್ತಿದ್ನಾ, ನಮ್ಮ ಕೆಂದೆತ್ತು ಐತಲ್ಲ..."

"ಮುನಿಯಪ್ಪ, ಇವತ್ತು ಮದುವೆ. ಎತ್ತಿನ ಸಮಾಚಾರ ನಾಳೆ!" ಎಂದು ಹೂವಿನ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟೆ.

ದರ್ಜಿ ನನಗೆ ಕೋಟು ತೊಡಿಸಿ, ಎರಡೂ ಕೈ ಚಾಚಿಸಿ ಬೆದರುಬೊಂಬೆಯಂತೆ ನಿಲ್ಲಿಸಿದ್ದ. ತೋಳು ಒಂದು ಉದ್ದ, ಒಂದು ಗಿಡ್ಡ. ಬಾಗಿಲಲ್ಲಿ ಮತ್ತೆ ಮುನಿಯಪ್ಪ!

"ಆ ಕೆಂದೆತ್ತು ಸೇತುವೆ ತಾವ ನಿಂತ್ಕಂಬುಡ್ತು ಮೇಷ್ಟ್ರೇ. ಯಾಕಪ್ಪಾ ಅಂತ ಇಳ್ದು ನೋಡಿದ್ರೆ, ಗಾಲಿ ಕಡಾಣಿ ಮುರ್ದೋಗೈತೆ. ಅಷ್ಟೊತ್ಗೆ..."

"ಕಡಾಣಿ ಮುರಿದರೆ ಬಡಗಿ ಹತ್ರ ಹೋಗಪ್ಪಾ! ನಾನು ಲೆಕ್ಕದ ಮೇಷ್ಟ್ರು!"

"ಅದಲ್ಲ ಮೇಷ್ಟ್ರೇ, ಅಮ್ಮೋರ್ಗಾದ್ರೂ ಹೇಳಾನ ಅಂತ ಮನೆ ತಾವ ಹೋದ್ರೆ ಮನೆ ತುಂಬಾ ಬರೀ ಹೆಣ್ಮಕ್ಳು, ಬಾಯಿ ತೆಗೆಯಕ್ಕೇ ಆಗ್ನಿಲ್ಲ..."

ನಾನು ಒಂದು ಉದ್ದ, ಒಂದು ಗಿಡ್ಡ ತೋಳಿನಲ್ಲೇ ಹೊರಗೆ ಬಂದು ಜಟ್ಕಾ ಹತ್ತಿದೆ. ಮುನಿಯಪ್ಪ ಹಿಂದೆಯೇ ಓಡುತ್ತ, "ನಿಮ್ಮ ಅ... ನಿಮ್ಮ ಅ..." ಎಂದು ಏನೋ ಕೂಗಿದ. "ಹೊತ್ತು ದೇವರ ಸೊತ್ತು, ಮುನಿಯಪ್ಪ!" ಎಂದು ಕೈಬೀಸಿದೆ. ಉಪದೇಶವೂ ಆಯಿತು, ಪ್ರಯಾಣವೂ ಆಯಿತು. ಒಂದು ಹೊತ್ತಿನಲ್ಲಿ ಎರಡು ಕೆಲಸ!

ಸ್ಟೇಷನ್ ದಾರಿಯಲ್ಲೇ ಮುನಿಯಪ್ಪನ ರಾಗಿ ಕಣ. ಅಲ್ಲಿ ಒಂದು ಪಕ್ಕಕ್ಕೆ ವಾಲಿದ ಗಾಡಿ, ಅದರ ಹತ್ತಿರ ಹೊಂಗೆ ಮರದ ನೆರಳು. ನೆರಳಿನಲ್ಲಿ ಯಾರೋ ಒಬ್ಬ ಮುದುಕ ತಲೆಗೆ ಟವೆಲ್ಲು ಸುತ್ತಿಕೊಂಡು, ಕಾಲು ನೀಡಿ, ಬೇಯಿಸಿದ ಅವರೆಕಾಯಿ ಬಿಡಿಸಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹೊತ್ತೇರಿದ್ದರೂ ಏನು ನಿಶ್ಚಿಂತೆ! ಜಟ್ಕಾ ನೋಡಿದವನೇ ಅವರೆಕಾಯಿ ಹಿಡಿದ ಕೈಯನ್ನೇ ಎತ್ತಿ ಬೀಸಿದ. ನನಗೆ ಧರ್ಮೋತ್ಸಾಹ ಉಕ್ಕಿತು. ಜೇಬಿನಿಂದ ಗಡಿಯಾರ ತೆಗೆದು, ಅವನ ಕಡೆಗೆ ಚಾಚಿ, ಬೆರಳಿನಿಂದ ಬಡಿದು ಬಡಿದು ತೋರಿಸಿದೆ. "ಕರ್ತನೇ, ಇಂಥ ಸೋಮಾರಿಗಳಿಗೆ ಬುದ್ಧಿ ಕೊಡು," ಎಂದು ಚಿಕ್ಕ ಪ್ರಾರ್ಥನೆಯನ್ನೂ ಮಾಡಿದೆ. ಜಟ್ಕಾ ಮುಂದೆ ಹೋಯಿತು.

ಸ್ಟೇಷನ್ನಿನಲ್ಲಿ ಒಂದು ನಾಯಿ ಮಲಗಿತ್ತು. ಅದನ್ನು ಬಿಟ್ಟರೆ ಒಬ್ಬ ಪೋರ್ಟರು ಇದ್ದ. ಪ್ಲಾಟ್‌ಫಾರಂ ಗುಡಿಸಿ ಮುಗಿಸಿ ಬೀಡಿ ಹಚ್ಚುತ್ತಿದ್ದ.

"ಬೆಂಗಳೂರು ರೈಲು ಇನ್ನೇನು ಬರಬೇಕಲ್ಲ?" ಎಂದೆ.

"ಯಾವ ರೈಲು ಸಾಮಿ? ಅದು ಬಂದು ಹೋಗಿ ಬೋ ಹೊತ್ತಾಯ್ತು. ಮಾಕಳಿದುರ್ಗ ದಾಟಿ, ಗೌರಿಬಿದನೂರೂ ದಾಟಿರ್ತದೆ."

"ಸಾಧ್ಯವೇ ಇಲ್ಲ! ಗಡಿಯಾರ ಮುಂದಕ್ಕೆ ಹಾಕಿದಾರೆ!"

"ಅದಕ್ಕೇ ಮೊದ್ಲೇ ಬಂತು," ಎಂದ ಅವನು, ತೀರ ಸಹಜವಾಗಿ.

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಕೂಡಿಸಿದ್ದೆಲ್ಲ ಕಳೆದುಹೋಯಿತು. ಕರುಣಮ್ಮ ಸೌಟು ಹಿಡಿದು ಹೇಳಿದ ಮಾತು ಅಕ್ಷರ ಅಕ್ಷರವಾಗಿ ನೆನಪಾಯಿತು. ನನ್ನನ್ನು ಕಾಣದೆ ಅಯ್ಯನವರು ಅದೇ ರೈಲಿನಲ್ಲಿ ಮುಂದಕ್ಕೆ ಹೋಗಿಬಿಟ್ಟರೋ? ಬೇಸರಪಟ್ಟು ಬೆಂಗಳೂರಿಗೇ ಹಿಂತಿರುಗಿದರೋ? ಬಿಳಿ ಸೀರೆಯುಟ್ಟು, ತಲೆಗೆ ಹೂವು ಮುಡಿದು ಕಾಯುತ್ತಿರುವ ಸುಗುಣ ಕಣ್ಣ ಮುಂದೆ ಬಂದಳು. ಅವಳಿಗೆ ಏನೆಂದು ಹೇಳಲಿ? ಭಾವನಿಗೆ ಕೂಡಿಸುವುದೂ ಕಳೆಯುವುದೂ ಬರುವುದಿಲ್ಲಮ್ಮಾ ಎನ್ನಲೇ? ಜಟ್ಕಾದ ಹಿಂದೆ ಕಾಲು ಇಳಿಬಿಟ್ಟು ಕುಳಿತು, ಈ ಸಲ ಅವಸರವಿಲ್ಲದೆ, ಒಳಗಿನಿಂದ ಪ್ರಾರ್ಥಿಸಿದೆ. ಆಮೆನ್ ಹೇಳುವ ಧೈರ್ಯ ಬರಲಿಲ್ಲ.

ಕಣದ ಹತ್ತಿರ ಮುನಿಯಪ್ಪ ರಸ್ತೆಯ ನಡುವೆ ಎರಡೂ ಕೈ ಅಗಲಿಸಿ ನಿಂತಿದ್ದ. ಕುದುರೆ ನಿಂತಿತು.

"ಈಗ್ಲಾದ್ರೂ ಕೇಳ್ತೀರೋ ಇಲ್ವೋ ಮೇಷ್ಟ್ರೇ?"

"ಹೇಳಪ್ಪಾ," ಎಂದೆ. ನನ್ನಲ್ಲಿ ಉಳಿದಿದ್ದದ್ದು ಹೊತ್ತು ಒಂದೇ.

ಮುನಿಯಪ್ಪ ಸಂತೋಷದಿಂದ ಮೊದಲಿನಿಂದ ಶುರು ಮಾಡಿದ. ಗಾಡಿ ಹೂಡಿದ. ಕೆಂದೆತ್ತು ನಡೆಯಿತು. ಕಡೆಗೆ ಸೇತುವೆ ಬಂತು, ಕಡಾಣಿ ಮುರಿಯಿತು. "ಅಷ್ಟೊತ್ಗೆ ಸ್ಟೇಷನ್ ಕಡೆಯಿಂದ ಯಾರೋ ವಯಸ್ಸಾದೋರು ಮಂಡಿ ಹಿಡ್ಕಂಡು ಕುಂಟ್ತಾ ಬತ್ತಾವ್ರೆ. ಯಾರು ಸಾಮಿ ಅಂದ್ರೆ, ಮಿಷನ್ ಮೇಷ್ಟ್ರ ಮನೆ ಮದ್ವೆ ಮಾಡ್ಸೋಕೆ ಬಂದೋನು ಅಂದ್ರು. ಅಯ್ಯೋ, ನಮ್ಮ ಮೇಷ್ಟ್ರ ಅಯ್ಯನೋರು ಅಂತ ಹೆಂಗೋ ಗಾಡೀನ ಇಲ್ಲೀಗಂಟ ಎಳೆಸ್ಕಂಡು ಬಂದು ನೆಳ್ಳಲ್ಲಿ ಕುಂಡ್ರಿಸ್ದೆ. ಜಟ್ಕಾ ಕಳ್ಸಿ ಅಂತ ಹೇಳೋಕೆ ನಿಮ್ಮಿಂದೆ ಊರೆಲ್ಲಾ ಓಡಾಡ್ದೆ!"

ಹೊಂಗೆ ಮರದ ಕೆಳಗಿನಿಂದ ಆ ಸೋಮಾರಿ ಮುದುಕ ಎದ್ದು ಬಂದರು. ಟವೆಲ್ಲು ಬಿಚ್ಚಿದರು. ನಿಲುವಂಗಿ ಇಲ್ಲದ ಅಯ್ಯನವರನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ!

"ಗಡಿಯಾರ ತೋರಿಸಿದಿರಲ್ಲ ಮೇಷ್ಟ್ರೇ, ಹೊತ್ತಾಯ್ತು ಅಂತ ತಿಳೀತು," ಎಂದರು ಅಯ್ಯನವರು. "ಜಟ್ಕಾ ಯಾಕೆ ನಿಲ್ಲಿಸಲಿಲ್ಲ ಅನ್ನೋದು ಮಾತ್ರ ತಿಳೀಲಿಲ್ಲ."

ನಾನು ಜಟ್ಕಾದಿಂದ ಇಳಿದೆನೋ ಬಿದ್ದೆನೋ ನೆನಪಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ನನ್ನ ಕೈಗೆ ಒಂದು ಹಿಡಿ ಅವರೆಕಾಯಿ ಹಾಕಿದರು. "ನನಗೇನೂ ನಷ್ಟ ಆಗಲಿಲ್ಲ. ಮುನಿಯಪ್ಪನ ತಮ್ಮ ದಂಡಿಗೆ ಸೇರಿ ಬರ್ಮಾ ಕಡೆ ಇದಾನಂತಲ್ಲ, ಬೆಳಿಗ್ಗೆ ಅವನ ವಿಷಯ ಮಾತಾಡ್ತಾ ಕೂತಿದ್ವಿ. ಅಣ್ಣನ ಪ್ರಾಣವೆಲ್ಲ ಅಲ್ಲೇ ಇದೆ. ನೀವು ಪಕ್ಕದ ಮನೆಯವರು, ನಿಮಗೆ ಎಲ್ಲಾ ಗೊತ್ತಿರತ್ತೆ."

ನನಗೆ ಗೊತ್ತಿರಲಿಲ್ಲ. ಮುನಿಯಪ್ಪನ ಮಾತು ತಮ್ಮನವರೆಗೆ ತಲುಪಲು ನಾನು ಎಂದೂ ಬಿಟ್ಟಿರಲಿಲ್ಲವಲ್ಲ! ಅವನ ಮುಖ ನೋಡಲು ನಾಚಿಕೆಯಾಯಿತು. "ಹತ್ತು ಮುನಿಯಪ್ಪ, ನೀನೂ ಮದುವೆಗೆ ಬಾ," ಎಂದೆ. ಜಟ್ಕಾದಲ್ಲಿ ಮೂವರೂ ಒತ್ತಿಕೊಂಡು ಕುಳಿತೆವು. ದಾರಿಯುದ್ದಕ್ಕೂ ಅವನು ತಮ್ಮನ ವಿಷಯ ಹೇಳಿದ. ನಾನು ಕೇಳಿದೆ.

ಚರ್ಚಿನ ಮುಂದೆ ಎರಡೂ ಕಡೆಯ ನೆಂಟರು ಬಿಸಿಲಿನಲ್ಲಿ ನಿಂತಿದ್ದರು. ಬೀಗದ ಕೈ ನನ್ನ ಜೇಬಿನಲ್ಲಿತ್ತಲ್ಲ! ಗಂಡಿನ ತಂದೆ, "ಏನ್ ಮೇಷ್ಟ್ರೇ, ಈಗ ಚರ್ಚಿಗೂ ರೇಷನ್ನಾ?" ಎಂದು ಕೇಳಿದರು. ಕರುಣಮ್ಮ ನನ್ನ ಉದ್ದ ತೋಳನ್ನೂ ಗಿಡ್ಡ ತೋಳನ್ನೂ ನೋಡಿದಳು. ಬೀಗದ ಕೈಗಾಗಿ ಅಂಗೈ ಚಾಚಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಚಾಚಿದ ಅಂಗೈಯ ಅರ್ಥವೇನೆಂದು ನನಗೆ ತಿಳಿಯದೇ?

ಆದರೂ ಮದುವೆ ಚೆನ್ನಾಗಿ ನಡೆಯಿತು. ಅಯ್ಯನವರು ಗಂಡುಹೆಣ್ಣಿನ ತಲೆಯ ಮೇಲೆ ಕೈಯಿಟ್ಟು ನಿಧಾನವಾಗಿ ಪ್ರಾರ್ಥಿಸಿದಾಗ ಸುಗುಣಳ ಕಣ್ಣಲ್ಲಿ ನೀರು ನಿಂತಿತು. ನನ್ನ ಕಣ್ಣಲ್ಲೂ ಬಂತು. ಊಟವಾದ ಮೇಲೆ ಅಯ್ಯನವರು ಮಧ್ಯಾಹ್ನದ ರೈಲಿಗೆ ಹೊರಡಬೇಕಾಗಿತ್ತು. ಈ ಸಲ ರೈಲಿನ ಲೆಕ್ಕವನ್ನು ಕರುಣಮ್ಮನೇ ಮಾಡಿ ಜಟ್ಕಾವನ್ನು ಬಾಗಿಲಿಗೆ ತರಿಸಿ ನಿಲ್ಲಿಸಿದ್ದಳು.

"ಒಂದೆರಡು ಮಾತಿನಲ್ಲಿ ವಂದನೆ ಹೇಳಿಬಿಡಿ ಮೇಷ್ಟ್ರೇ," ಎಂದರು ಯಾರೋ ಹಿರಿಯರು.

ನಾನು ಎದ್ದೆ. ಆ ದಿನ ಕಲಿತದ್ದನ್ನು ಹೇಳದೆ ಬಿಡುವುದು ಹೇಗೆ? ಹೊತ್ತು ಗಡಿಯಾರದಲ್ಲಿಲ್ಲ ಎಂದೆ. ಅದನ್ನು ನೆರೆಯವನಿಗೆ ಕೊಡುವುದೇ ದೇವರಿಗೆ ಕೊಟ್ಟಂತೆ ಎಂದೆ. ಜನ ತಲೆದೂಗಿದರು. ಹುರುಪು ಬಂತು. ಸೃಷ್ಟಿಯ ಮೊದಲನೆಯ ದಿನಕ್ಕೆ ಹೋದೆ, ಅಲ್ಲಿಂದ ಮೆಲ್ಲಗೆ ಪ್ರವಾದಿಗಳ ಕಾಲಕ್ಕೆ ಇಳಿದೆ. ಕರುಣಮ್ಮ ಹಿಂದಿನಿಂದ ಕೋಟಿನ ತುದಿ ಎಳೆದಳು. ಮೆಚ್ಚುಗೆಯೆಂದುಕೊಂಡು ಸ್ವರ ಏರಿಸಿದೆ. ಮತ್ತೆ ಎಳೆದಳು. ಇನ್ನಷ್ಟು ಏರಿಸಿದೆ! ಅಯ್ಯನವರು ಎರಡು ಸಲ ಕುರ್ಚಿಯ ತುದಿಗೆ ಸರಿದು, ನನ್ನ ಭಾವಾವೇಶಕ್ಕೆ ಅಡ್ಡಿಯಾಗಬಾರದೆಂದು ಮತ್ತೆ ಹಿಂದಕ್ಕೆ ಕುಳಿತರು.

ನಾನು ಅಪೊಸ್ತಲರ ಕಾಲವನ್ನು ಪ್ರವೇಶಿಸುತ್ತಿದ್ದಾಗ ಸ್ಟೇಷನ್ ಕಡೆಯಿಂದ ಉದ್ದವಾಗಿ ಒಂದು ಸಿಳ್ಳು ಕೇಳಿಸಿತು. ಚಪ್ಪರದಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಕರುಣಮ್ಮ ಸದ್ದಿಲ್ಲದೆ ಎದ್ದು, ಅಯ್ಯನವರಿಗೆ ರಾತ್ರಿಯ ಊಟಕ್ಕೆ ಅಕ್ಕಿ ಅಳೆಯಲು ಒಳಗೆ ಹೋದಳು.

ಅಯ್ಯನವರು ಚಪ್ಪಲಿ ಬಿಚ್ಚಿ, ಕಾಲು ಮಡಚಿ, ಕುರ್ಚಿಯಲ್ಲಿ ಆರಾಮವಾಗಿ ಒರಗಿಕೊಂಡರು.

"ಮುಂದುವರಿಸಿ ಮೇಷ್ಟ್ರೇ," ಎಂದರು. "ಇನ್ನು ನನಗೇನೂ ಅವಸರ ಇಲ್ಲ."

ನಾನು ಅಪೊಸ್ತಲರನ್ನು ಅರ್ಧದಾರಿಯಲ್ಲೇ ನಿಲ್ಲಿಸಿ ಕುಳಿತುಬಿಟ್ಟೆ. ಆ ದಿನ ನಾನು ಸರಿಯಾದ ಹೊತ್ತಿಗೆ ಮಾಡಿದ್ದು ಏನಾದರೂ ಇದ್ದರೆ ಅದೊಂದೇ ಎಂದುಕೊಂಡೆ. ಕರುಣಮ್ಮನ ಪ್ರಕಾರ ಅದೂ ತಡವಾಗಿತ್ತು!