ಚಿಕ್ಕಪ್ಪನ ಎರೆಹುಳುಗಳು

ಮಳೆ ಜೋರಾದರೆ ಮಹದೇವಪುರದ ಜನ ಕಾರಿನ ಕಡೆ ಓಡುತ್ತಾರೆ. ನಮ್ಮ ಚಿಕ್ಕಪ್ಪ ಎರೆಹುಳುಗಳ ಕಡೆ ಓಡುತ್ತಾರೆ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿ, ಆಟೋದವರನ್ನು ಕಣ್ಣಲ್ಲೇ ಪಕ್ಕಕ್ಕೆ ಸರಿಸುತ್ತಿದ್ದ ಮನುಷ್ಯ ನಿವೃತ್ತರಾದ ಮೇಲೆ ಹಿತ್ತಲಲ್ಲಿ ಗೊಬ್ಬರದ ಗುಂಡಿ ತೋಡಿ ಹುಳು ಸಾಕುತ್ತಾರೆಂದರೆ?

ಮಳೆ ನಿಂತ ಬೆಳಿಗ್ಗೆ ಚಮಚ, ಡಬ್ಬಿ ಹಿಡಿದು ರಸ್ತೆಗಿಳಿಯುತ್ತಾರೆ. ಮಣ್ಣಿನಿಂದ ಮೇಲೆದ್ದು ಬಂದ ಹುಳುಗಳು ಚಕ್ರಕ್ಕೆ ಸಿಗಬಾರದಲ್ಲ! ಒಮ್ಮೆ ಕ್ಯಾಬ್ ಡ್ರೈವರೊಬ್ಬ ಕಿಟಕಿ ಇಳಿಸಿ, "ಮೀನು ಹಿಡಿಯೋಕಾ ಅಂಕಲ್?" ಎಂದ.

"ಅಲ್ಲಪ್ಪ, ಇವ್ರೆಲ್ಲ ರೋಡ್ ದಾಟ್ತಾ ಇದಾರೆ. ದಾಟೋವರ್ಗೂ ಹಾರ್ನ್ ಹೊಡೀಬೇಡ!"

ಹೋದ ಮಳೆಗಾಲದಲ್ಲಿ ಕೆರೆ ತುಂಬಿ ಅವರ ಮನೆಯೊಳಗೇ ಮಂಡಿಯುದ್ದ ನೀರು ನಿಂತಿತು. ಜನರನ್ನು ಸಾಗಿಸಲು ಟ್ರ್ಯಾಕ್ಟರ್ ಬಂತು. ಎಲ್ಲರೂ ಲ್ಯಾಪ್‌ಟಾಪು, ಒಡವೆ ಎದೆಗವಚಿಕೊಂಡಿದ್ದರೆ, ಇವರು ಮುಳುಗಿದ ಗುಂಡಿಯ ಕೆಸರನ್ನು ಬಕೆಟ್ಟಿಗೆ ಬಾಚಿಕೊಂಡು ಹತ್ತಿದರಂತೆ.

"ಟಿವಿ ಬಿಟ್ಟು ಮಣ್ಣು ತರ್ತಿದೀರಲ್ಲ ಸಾರ್?" ಎಂದರಂತೆ ಪಕ್ಕದ ಮನೆಯಾಕೆ.

"ಟಿವಿ ಉಸಿರಾಡಲ್ಲಮ್ಮ."

ಬಕೆಟ್ಟು ನೇರವಾಗಿ ದೊಮ್ಮಲೂರಿನ ನಮ್ಮ ಬಾಲ್ಕನಿಗೆ ಬಂತು. ಇಣುಕಿ ನೋಡಿದ ನನ್ನ ಹೆಂಡತಿ ಕಿರುಚಿದ್ದು ಫ್ಲೈಓವರ್ ಆಚೆಗೂ ಕೇಳಿಸಿರಬೇಕು! ಚಿಕ್ಕಪ್ಪನ ಕಿವಿಗೆ ಅದೊಂದೂ ಬೀಳಲಿಲ್ಲ. ನೀರು ಹೀರಲೆಂದು ಹಳೇ ಪೇಪರು ಹರಿದು, ತೆಂಗಿನ ನಾರಿನ ಜೊತೆ ಕೆಸರಿಗೆ ಬೆರೆಸುತ್ತಾ ಕೂತರು. ಕೊಳೆತ ನಾತ. ಹುಳುಗಳು ಬಿಳಿಚಿಕೊಂಡು ದಾರದ ತುಂಡುಗಳಂತೆ ಬಿದ್ದಿದ್ದವು.

"ನೀರು ಕುಡಿದು ಸತ್ತೋದ್ವಾ ಚಿಕ್ಕಪ್ಪ?" ಎಂದೆ.

"ಅಲ್ಲ ಕಣೋ. ಇವು ಚರ್ಮದಲ್ಲೇ ಉಸಿರಾಡೋದು. ಹರಿಯೋ ನೀರಲ್ಲಾದ್ರೆ ಎಷ್ಟೋ ಹೊತ್ತು ಬದುಕ್ತವೆ. ಮಣ್ಣಲ್ಲಿ ನೀರು ನಿಂತ್ಬಿಟ್ರೆ ಒಳಗಿರೋ ಗಾಳಿ ಮುಗಿದೋಗತ್ತೆ. ಮೊದ್ಲು ತಿನ್ನೋದು ಬಿಡ್ತವೆ, ಆಮೇಲೆ ಅಲ್ಲಾಡೋದೂ ಬಿಡ್ತವೆ."

"ಹುಳೂಗೋಸ್ಕರ ಇಷ್ಟೊಂದಾ ಮಾವ?" ಹೆಂಡತಿ ಬಾಗಿಲ ಹಿಂದಿನಿಂದಲೇ ಕೇಳಿದಳು.

ಅವರ ಕೈ ನಿಂತಿತು. "ನಿಮ್ಮ ಚಿಕ್ಕತ್ತೆ ಹೋಗುವಾಗ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡಿತ್ತಮ್ಮ. ಗಾಳಿ, ಗಾಳಿ ಅಂತ ನನ್ನ ಅಂಗಿ ಹಿಡ್ಕೊಂಡಿದ್ಲು. ಏನೂ ಮಾಡೋಕಾಗ್ಲಿಲ್ಲ. ಇವಕ್ಕಾದ್ರೆ... ಒಂದಿಷ್ಟು ಪೇಪರ್ ಹರಿದು ಹಾಕಿದ್ರೆ ಸಾಕು."

ಚಿಕ್ಕಮ್ಮ ತೀರಿಹೋದ ಮೇಲೆ ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಹೆಂಡತಿ ಬಾಗಿಲು ದಾಟಿ ಬಂದಳು. ದುಪಟ್ಟಾ ಸೊಂಟಕ್ಕೆ ಬಿಗಿದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿಕೊಂಡೇ ಕೆಸರಿಗೆ ಬೆರಳಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಂಗೈಯನ್ನು ಮೆಲ್ಲಗೆ ಅವರ ಮುಂದೆ ಚಾಚಿದಳು.

"ಮಾವ, ಇದು ಅಲ್ಲಾಡ್ತಿದೆ. ನೋಡಿ."