ಜಪಾನಿಗೆ ಹೋದ ಪೈಪು

ನಮ್ಮ ನೀರು ಸರಬರಾಜು ಕಚೇರಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುವುದು ಗಂಭೀರ ಸಮಸ್ಯೆ ಎಂದು ಅಧಿಕೃತವಾಗಿ ತೀರ್ಮಾನವಾದದ್ದು, ಅದಕ್ಕೆ ಪರಿಹಾರ ಜಪಾನಿನಲ್ಲಿದೆ ಎಂದು ತೀರ್ಮಾನವಾದ ನಂತರ. ಕೆಲವರು ಇದನ್ನು ತಲೆಕೆಳಗು ಎನ್ನುತ್ತಾರೆ. ಅವರಿಗೆ ಕಚೇರಿಯ ಕಾರ್ಯವಿಧಾನ ತಿಳಿಯದು. ಪರಿಹಾರ ಕೈಯಲ್ಲಿಲ್ಲದೆ ಸಮಸ್ಯೆಯನ್ನು ಒಪ್ಪಿಕೊಳ್ಳುವುದು ಬೇಜವಾಬ್ದಾರಿ. ನಾನು ಈ ಕಚೇರಿಯಲ್ಲಿ ಟಿಪ್ಪಣಿ ಬರೆಯುವ ಗುಮಾಸ್ತ. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕೆಲಸ. ನಡೆಯದ್ದನ್ನು ನಡೆದ ಹಾಗೆ ಬರೆದದ್ದು ನನ್ನ ಬಡ್ತಿಗೆ ಕಾರಣ.

ವಿಷಯ ಹುಟ್ಟಿದ್ದು ನಮ್ಮ ಸಾಹೇಬರ ಮನೆಯಲ್ಲಿ. ಪಕ್ಕದ ಮನೆಯ ಹುಡುಗಿ ಜಪಾನಿನ ದೊಡ್ಡ ಥೀಮ್ ಪಾರ್ಕಿಗೆ ಹೋಗಿ ಬಂದು, ಎರಡು ಕಿವಿಯಿರುವ ಟೋಪಿ ಹಾಕಿಕೊಂಡು ಬೀದಿಯಲ್ಲೆಲ್ಲ ಓಡಾಡಿದಳು. ಅದನ್ನು ನೋಡಿ ಸಾಹೇಬರ ಮಗಳು ಊಟ ಬಿಟ್ಟಳು. ಹೆಂಡತಿ ಮಾತು ಬಿಟ್ಟರು. ಅತ್ತೆಯವರು ಮಾತ್ರ ಎರಡನ್ನೂ ಬಿಡದೆ, "ಮಗು ಆಸೆಪಟ್ಟದ್ದು ಆಕಾಶದ ಚಂದ್ರನನ್ನಲ್ಲ, ಜಪಾನನ್ನು," ಎಂದು ಅಳಿಯನಿಗೆ ದಿನವೂ ನೆನಪಿಸಿದರು.

ಭಾನುವಾರ ಖರ್ಚಿನ ಅಂದಾಜು ಬರೆಯಲು ನನ್ನನ್ನು ಮನೆಗೆ ಕರೆಸಿದರು. ಸಾಹೇಬರ ಬಾಮೈದ ಪ್ರವಾಸದ ಏಜೆನ್ಸಿ ಇಟ್ಟುಕೊಂಡವನು; ಲ್ಯಾಪ್‌ಟಾಪ್ ಸಮೇತ ಬಂದಿದ್ದ.

"ಭಾವ, ವಿಮಾನ, ಹೋಟೆಲ್, ಪಾರ್ಕಿನ ಟಿಕೆಟ್. ಅಷ್ಟೇ. ಮಿಕ್ಕಿದ್ದೆಲ್ಲ ಚಿಲ್ಲರೆ," ಎಂದ.

"ಚಿಲ್ಲರೆ ಎಷ್ಟಾಗುತ್ತೆ?"

"ಈ ಮೂರೂ ಸೇರಿದಷ್ಟು."

ಸಾಹೇಬರು ನೀರು ಕುಡಿದರು. ಅವರ ಮನೆಯಲ್ಲಿ ನೀರು ಬರುತ್ತದೆ.

"ಅಲ್ಲಿ ಒಳಗೆ ಹೋಗೋದಕ್ಕೆ ಒಂದು ಟಿಕೆಟ್," ಬಾಮೈದ ವಿವರಿಸಿದ. "ಒಳಗೆ ಹೋದಮೇಲೆ ಸಾಲಿನಲ್ಲಿ ನಿಲ್ಲದೆ ಇರೋದಕ್ಕೆ ಇನ್ನೊಂದು ಟಿಕೆಟ್."

"ನಿಂತರೆ?"

"ಎರಡು ಗಂಟೆ ನಿಂತರೆ ಮೂರು ನಿಮಿಷದ ಆಟ."

"ಜನ ಜಗಳ ಆಡಲ್ವೇನೋ?"

"ನಗ್ತಾರೆ ಭಾವ! ನಗ್ತಾ ಫೋಟೊ ತೆಗೆಸ್ಕೊಳ್ತಾರೆ. ಆ ಫೋಟೊಗೂ ದುಡ್ಡು ಕೊಡ್ತಾರೆ."

ಅಷ್ಟು ದಿನ ಮಾತು ಬಿಟ್ಟಿದ್ದ ಮೇಡಂ ಆಗ ಬಾಯಿಬಿಟ್ಟರು. "ರೀ, ಟೋಪಿಗೆ ಬೇರೆ ಹಾಕಿ. ಎಲ್ಲರಿಗೂ ಒಂದೊಂದು."

"ನನಗೆ ಬೇಡಮ್ಮ," ಎಂದರು ಅತ್ತೆ. "ಟೋಪಿ ಹಾಕೋ ಕೆಲಸ ಅಳಿಯಂದಿರು ನೋಡಿಕೊಳ್ತಾರೆ."

ಒಟ್ಟು ಮೊತ್ತ ನೋಡಿದಾಗ ಮೂಗಿಗಿಂತ ಮೂಗುತಿ ಭಾರವಾಗಿತ್ತು. ಸಾಹೇಬರು ಕಿಟಕಿಯ ಬಳಿ ಹೋಗಿ ನಿಂತರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಯಾವತ್ತೂ ಗೌರವಿಸಿದವರು; ಯಾರ ಹಾಸಿಗೆ ಎಂದು ಗಾದೆಯಲ್ಲಿ ಹೇಳಿಲ್ಲ ಎಂಬುದಷ್ಟೇ ಅವರ ವಾದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸರ್ಕಾರಿ ಕಳೆ ಬಂದಿತ್ತು.

"ನಮ್ಮ ಕಚೇರಿ ಮುಂದೆ ಜನ ಎರಡು ಗಂಟೆ ನಿಲ್ತಾರಾ?"

"ಮೂರು ನಿಲ್ತಾರೆ ಸಾರ್."

"ನಗ್ತಾರಾ?"

"ಇಲ್ಲ ಸಾರ್."

"ಯಾಕೆ ನಗಲ್ಲ?"

ನಾನು ಅಂದಾಜಿನ ಹಾಳೆ ಮಡಚಿದೆ. "ನೋಡಿ," ಎಂದರು ಸಾಹೇಬರು, ನೊಂದ ದನಿಯಲ್ಲಿ. "ಇಷ್ಟು ವರ್ಷವಾದರೂ ಇದನ್ನು ಯಾರೂ ಅಧ್ಯಯನ ಮಾಡಿಲ್ಲ."

ಮರುದಿನ ಹೊರಬಿದ್ದ ಪ್ರಕಟಣೆಯನ್ನು ಬರೆದವನು ನಾನೇ ಆದ್ದರಿಂದ ಬಾಯಿಪಾಠವಿದೆ: "ಸರತಿ ಸಾಲಿನಲ್ಲಿ ನಿಲ್ಲುವ ಸಾರ್ವಜನಿಕರಲ್ಲಿ ಹರ್ಷದ ಕೊರತೆ ಕಂಡುಬಂದಿರುವುದರಿಂದ, ವಿದೇಶದ ಹರ್ಷದಾಯಕ ಸಾಲುಗಳ ಅಧ್ಯಯನಕ್ಕಾಗಿ ತಂಡವೊಂದನ್ನು ಜಪಾನಿಗೆ ಕಳುಹಿಸತಕ್ಕದ್ದು. ಸದರಿ ಸಾಲುಗಳಲ್ಲಿ ಕುಟುಂಬಗಳೇ ಹೆಚ್ಚಾಗಿ ನಿಲ್ಲುವುದರಿಂದ ತಂಡವು ಒಂದು ಕುಟುಂಬವೇ ಆಗಿರತಕ್ಕದ್ದು. ಹೊರಗಿನ ಕುಟುಂಬವನ್ನು ಆಯ್ದಲ್ಲಿ ಪಕ್ಷಪಾತದ ಆರೋಪ ಬರಬಹುದಾದ ಕಾರಣ, ಮುಖ್ಯಾಧಿಕಾರಿಗಳು ತಮ್ಮ ಕುಟುಂಬವನ್ನೇ ತ್ಯಾಗ ಮಾಡತಕ್ಕದ್ದು."

ಮೇಡಂ ಗೃಹತಾಳ್ಮೆ ತಜ್ಞೆಯಾದರು. ಮಗಳು ಅಪ್ರಾಪ್ತ ಮಾದರಿಯಾದಳು. ಅತ್ತೆ ಹಿರಿಯ ವೀಕ್ಷಕಿ. ಬಾಮೈದನಿಗೆ ಯಾವ ಹುದ್ದೆಯನ್ನೂ ಕೊಡಲಿಲ್ಲ, ಕಮಿಷನ್ ಮಾತ್ರ ಕೊಟ್ಟರು; ಹುದ್ದೆ ಕೊಟ್ಟರೆ ಸ್ವಜನಪಕ್ಷಪಾತವಾಗುತ್ತಿತ್ತು.

ಅಡ್ಡಿ ಬಂದದ್ದು ಲೆಕ್ಕಾಧಿಕಾರಿಗಳಿಂದ. ಅವರು ಕಟ್ಟಾ ಪ್ರಾಮಾಣಿಕರು. ಹಣ ಎಲ್ಲಿಗೆ ಹೋಯಿತೆಂದು ಯಾವತ್ತೂ ಕೇಳಿದವರಲ್ಲ, ಯಾವ ಬಾಬ್ತಿನಲ್ಲಿ ಹೋಯಿತೆಂದು ಕೇಳದೆ ಬಿಟ್ಟವರೂ ಅಲ್ಲ.

"ಸಾರ್, ವಿದೇಶ ಪ್ರಯಾಣಕ್ಕೆ ನಮ್ಮಲ್ಲಿ ಬಾಬ್ತೇ ಇಲ್ಲ. ದುಡ್ಡು ಇರೋದು ಒಂದೇ ಕಡೆ. ಹಿಂದಿನ ಬೀದಿ ಪೈಪು ಬದಲಾಯಿಸೋಕೆ ಬಂದದ್ದು."

"ಪೈಪು ಯಾಕೆ ಬೇಕು?"

"ನೀರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ."

"ಮನುಷ್ಯನ ದೇಹದಲ್ಲಿ ಹೆಚ್ಚಿಗೆ ಇರೋದೇನು?"

ಲೆಕ್ಕಾಧಿಕಾರಿಗಳು ಯೋಚಿಸಿದರು. "ನೀರು, ಸಾರ್."

"ಮತ್ತೆ?"

ಅವರು ಇನ್ನಷ್ಟು ಯೋಚಿಸಿ, ಕನ್ನಡಕ ಒರೆಸಿಕೊಂಡು, "ಆಗಲಿ ಸಾರ್. ಜಲಸಾಗಣೆ ಅಂತ ಹಾಕ್ತೀನಿ. ಆದರೆ ಟೋಪಿ ನೀರಲ್ಲ. ಅದಕ್ಕೆ ಸಹಿ ಹಾಕಲ್ಲ," ಎಂದು ಪಟ್ಟು ಹಿಡಿದರು. ಕೊನೆಗೆ ಟೋಪಿಗಳನ್ನು ಪೈಪಿನ ಮುಚ್ಚಳಗಳೆಂದು ನಮೂದಿಸಿದ ಮೇಲೆಯೇ ಅವರ ಮನಸ್ಸಾಕ್ಷಿ ಸಮಾಧಾನಗೊಂಡದ್ದು.

ಹಿಂದಿನ ಬೀದಿಯ ಆ ಪೈಪು ಒಡೆದು ಬಹಳ ಕಾಲವಾಗಿತ್ತು. ಆ ಬೀದಿಯ ಟೈಲರಮ್ಮ ಶಾಲಾ ಸಮವಸ್ತ್ರ ಹೊಲಿದು ಮನೆ ನಡೆಸುತ್ತಿದ್ದವಳು. ಜೊತೆಗೆ ಹಾಸಿಗೆ ಹಿಡಿದ ತಾಯಿ. ನೀರನ್ನು ಕ್ಯಾನಿನಲ್ಲಿ ಕೊಳ್ಳುತ್ತಿದ್ದಳು. ವಾರ ವಾರವೂ ಹೊಲಿಗೆ ಯಂತ್ರ ನಿಲ್ಲಿಸಿ ನಮ್ಮ ಕಚೇರಿಗೆ ಬಂದು ದೂರು ಕೊಡುತ್ತಿದ್ದಳು. ದೂರನ್ನು ನಾವು ತಪ್ಪದೆ ಸ್ವೀಕರಿಸುತ್ತಿದ್ದೆವು.

ಇಷ್ಟರಲ್ಲಿ ಕೇಂದ್ರ ಕಚೇರಿಯ ತನಿಖಾಧಿಕಾರಿಗಳು ಬರುತ್ತಾರೆಂದು ತಿಳಿಯಿತು. ನಮ್ಮ ಸಾಲು ನಿಜವಾಗಿಯೂ ವಿದೇಶಕ್ಕೆ ಹೋಗುವಷ್ಟು ತೀವ್ರವಾಗಿದೆಯೇ ಎಂದು ಅವರು ಕಣ್ಣಾರೆ ಕಾಣಬೇಕಿತ್ತು. ದುರದೃಷ್ಟಕ್ಕೆ ಬಂದೂ ಬಂದೂ ಬೇಸತ್ತ ಜನ ಬರುವುದನ್ನೇ ಬಿಟ್ಟಿದ್ದರು. ಸಾಲು ಮೆಟ್ಟಿಲಿನ ತನಕವೂ ಹೋಗುತ್ತಿರಲಿಲ್ಲ. ಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನವೇ ಒಂದು ಕಿಟಕಿ ಬಿಟ್ಟು ಮಿಕ್ಕೆಲ್ಲ ಕಿಟಕಿಗಳನ್ನು ಮುಚ್ಚಿಸಿ, ಹೊಸ ನಿಯಮ ತಂದರು: ದೂರು ಕೊಟ್ಟವರೆಲ್ಲ ಖುದ್ದಾಗಿ ಬಂದು ತಮ್ಮ ದೂರು ಇನ್ನೂ ದೂರಾಗಿಯೇ ಉಳಿದಿದೆ ಎಂದು ದೃಢೀಕರಿಸಬೇಕು, ತಪ್ಪಿದಲ್ಲಿ ಅವರಿಗೆ ಸಂತೃಪ್ತಿಯಾಗಿದೆ ಎಂದು ಭಾವಿಸಲಾಗುವುದು.

ಸಾಲು ಬೇಕರಿ ದಾಟಿ, ಚಪ್ಪಲಿ ಅಂಗಡಿ ದಾಟಿ, ತಿರುವಿನಲ್ಲಿ ಮರೆಯಾಯಿತು. ತನಿಖಾಧಿಕಾರಿಗಳು ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ, ಬಿಸಿಲಿನಲ್ಲಿ ನಿಂತಿದ್ದ ಟೈಲರಮ್ಮ ಕಣ್ಣು ಕತ್ತಲೆ ಬಂದು ಬಿದ್ದಳು.

"ಇದು ತಾನಾಗಿ ಬಿದ್ದದ್ದೋ, ನೀವು ವ್ಯವಸ್ಥೆ ಮಾಡಿದ್ದೋ?" ಎಂದು ಅವರು ಕೇಳಿದರು.

"ತಾನಾಗಿ ಸಾರ್. ನಮ್ಮಲ್ಲಿ ಎಲ್ಲ ಸಹಜ," ಎಂದರು ಸಾಹೇಬರು.

"ತುಂಬ ಚೆನ್ನಾಗಿದೆ."

ಅವಳ ಮುಖಕ್ಕೆ ಚಿಮುಕಿಸಲು ಯಾರೋ ನೀರು ಕೇಳಿದರು. ನೀರು ಸರಬರಾಜು ಕಚೇರಿಯಲ್ಲಿ ನೀರಿರಲಿಲ್ಲ. ಬೇಕರಿಯವನು ಒಂದು ಲೋಟ ತಂದುಕೊಟ್ಟ. ಒಳಗೆ ತನಿಖಾಧಿಕಾರಿಗಳು ಪೂರ್ಣ ತೃಪ್ತಿ ವ್ಯಕ್ತಪಡಿಸಿ, "ನಮ್ಮ ಮನೆಯಲ್ಲೂ ಇಬ್ಬರು ಅಪ್ರಾಪ್ತ ಮಾದರಿಗಳಿದ್ದಾರೆ," ಎಂದು ತಿಳಿಸಿದರು. ಹೀಗಾಗಿ ಪಕ್ಕದ ಬೀದಿಯ ಪೈಪಿನ ಹಣವನ್ನೂ ಸೇರಿಸಬೇಕಾಯಿತು.

ಟೈಲರಮ್ಮ ಚೇತರಿಸಿಕೊಂಡು ಗೋಡೆ ಹಿಡಿದು ನನ್ನ ಕಿಟಕಿಗೆ ಬಂದಳು. "ಸಾರ್, ನಮ್ಮ ಬೀದಿ ಪೈಪಿಗೆ ದುಡ್ಡು ಬಂದಿದೆ ಅಂತ ಕೇಳಿದೆ. ಪೈಪೆಲ್ಲಿ?"

"ನಿಮ್ಮ ಪೈಪು ಜಪಾನಿಗೆ ಹೋಗ್ತಿದೆಯಮ್ಮ."

"ರಿಪೇರಿಗಾ?"

"ಅಧ್ಯಯನಕ್ಕೆ."

"ನಿಮ್ಮ ಬಾಯಿಗೆ ಮಣ್ಣು ಬೀಳ! ಅಮ್ಮನ ಬಟ್ಟೆ ಒಗೆದು ನಾಲ್ಕು ದಿನ ಆಯ್ತು. ಆ ವಾಸನೇಲೇ ಕೂತು ನಿಮ್ಮ ಮಕ್ಕಳ ಯೂನಿಫಾರ್ಮ್ ಹೊಲೀತೀನಿ ನಾನು, ಗೊತ್ತಾ?" ಎಂದಳು. ಇದನ್ನು ಸಲಹೆ ಎಂದು ದಾಖಲಿಸಿಕೊಂಡೆ. ಆದರೆ ಅವಳ ಬೀದಿಯವರು ಹೆಚ್ಚು ತಿಳುವಳಿಕೆಯುಳ್ಳವರು. ಪೈಪು ಜಪಾನಿಗೆ ಹೋಗಿದೆಯೆಂದರೆ ಜಪಾನಿನ ಪೈಪಾಗಿಯೇ ಬರುತ್ತದೆ ಎಂದು ಲೆಕ್ಕ ಹಾಕಿದರು. ಅದೇ ತಿಂಗಳು ಆ ಬೀದಿಯಲ್ಲಿ ಮನೆ ಬಾಡಿಗೆ ಏರಿತು. ಟೈಲರಮ್ಮನದೂ ಏರಿತು.

ಎರಡು ಕುಟುಂಬಗಳೂ ಜಪಾನಿಗೆ ಹೋಗಿಬಂದವು. ಸಾಹೇಬರ ಅಪ್ರಾಪ್ತ ಮಾದರಿಗೆ ಎತ್ತರ ಸಾಲದೆ ದೊಡ್ಡ ಆಟಕ್ಕೆ ಬಿಡಲಿಲ್ಲವಂತೆ. ಅವಳು ಹೊರಗೆ ಅಳುತ್ತಿದ್ದಾಗ ಅವಳ ಪರವಾಗಿ ಸಾಹೇಬರೇ ಮೂರು ಬಾರಿ ಕೂತು ಬಂದರು. ಎಲ್ಲರೂ ದುಬಾರಿ ಟಿಕೆಟ್ ತೆಗೆದುಕೊಂಡಿದ್ದರಿಂದ ಒಂದು ಸಾಲಿನಲ್ಲೂ ನಿಲ್ಲಲಿಲ್ಲ. ಪ್ರಯಾಣದ ಆಯಾಸದಿಂದ ವರದಿ ಬರೆಯಲಾಗದೆ, ಪಾರ್ಕಿನ ಬಣ್ಣದ ಕರಪತ್ರವನ್ನು ಸಾಹೇಬರು ನನ್ನ ಮೇಜಿನ ಮೇಲಿಟ್ಟು, "ಇದರಲ್ಲಿ ಎಲ್ಲ ಇದೆ, ಸ್ವಲ್ಪ ದಪ್ಪ ಮಾಡಿ," ಎಂದರು. ಇನ್ನೂರು ಪುಟ ಮಾಡಿದೆ.

ವರದಿಯ ಶಿಫಾರಸುಗಳು ಕೂಡಲೇ ಜಾರಿಯಾದವು. ಕಿಟಕಿ ಕಣ್ಣಿಗೆ ಬೀಳದ ಹಾಗೆ ಸಾಲನ್ನು ಹಗ್ಗ ಕಟ್ಟಿ ಹಾವಿನಂತೆ ಸುತ್ತಿಸಲಾಯಿತು. "ಇಲ್ಲಿಂದ ಇನ್ನು ಎರಡೇ ಗಂಟೆ!" ಎಂಬ ಫಲಕದಲ್ಲಿ ನಗುವ ಕಪ್ಪೆಯ ಚಿತ್ರ ಬರೆಸಿದರು. ಹಣ ಕೊಟ್ಟವರಿಗೆ ಶೀಘ್ರ ದೂರು ಟಿಕೆಟ್ ಬಂತು. ಅದನ್ನು ಕೊಂಡವರ ದೂರು ಬೇಗ ಸ್ವೀಕೃತವಾಗಿ ಉಳಿದ ದೂರುಗಳ ಜೊತೆ ಸೇರುತ್ತಿತ್ತು. ಜನರನ್ನು ನಗಿಸಲು ಜವಾನನಿಗೆ ನೀರಿನ ಹನಿಯ ವೇಷ ಹಾಕಿಸಬೇಕೆಂದಾಯಿತು. ವೇಷ ಹೊಲಿಯುವ ಕೆಲಸವನ್ನು ಟೈಲರಮ್ಮನಿಗೇ ಕೊಟ್ಟರು.

ಅವಳು ಅಳತೆ ಟೇಪು ಹಿಡಿದು ಬಂದ ದಿನ ನಾನು ಅಲ್ಲೇ ಇದ್ದೆ. ಜವಾನನ ಹೊಟ್ಟೆ ಸುತ್ತ ಟೇಪು ಹಾಕಿ, ಹೊರಗಿನ ಸಾಲನ್ನು ತುದಿಯ ತನಕ ನೋಡಿದಳು.

"ಏನಮ್ಮ, ಬಟ್ಟೆ ಸಾಲಲ್ವಾ?" ಎಂದು ಅವನು ಕೇಳಿದ.

"ಬಟ್ಟೆ ಸಾಲುತ್ತೆ," ಎಂದಳು. "ಎಷ್ಟು ವೇಷ ಬೇಕಾಗುತ್ತೆ, ಸಾರ್? ಒಂದೇನಾ?"

ಮೋಡ, ಮೀನು, ನಲ್ಲಿ, ಎಲ್ಲ ಬೇಕಾದವು. ಆಮೇಲೆ ಅವಳು ಸಾಲಿನಲ್ಲಿ ನಿಂತವರಿಗೆ ಕೂರಲು ದಿಂಬು ಹೊಲಿದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದಳು. ಬೇಕರಿಯವನು ತಿಂಡಿ ಮಾರಿದ. ಹಿಂದಿನ ಬೀದಿಯವರು ಒಬ್ಬೊಬ್ಬರಾಗಿ ಬಲೂನು, ಛತ್ರಿ, ಫೋಟೊ ಎಂದು ಅಂಗಡಿ ಹಾಕಿದರು. ದೂರೇ ಇಲ್ಲದ ಊರಿನವರು ರಜಾದಿನಗಳಲ್ಲಿ ಮಕ್ಕಳನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸಿದರು. ಜನ ನಕ್ಕರು. ಸಾಹೇಬರು ಕಿಟಕಿಯ ಸಂದಿಯಿಂದ ನೋಡಿ, "ನಗ್ತಿದ್ದಾರೆ, ಬರೆದುಕೊಳ್ಳಿ," ಎಂದರು. ಬರೆದುಕೊಂಡೆ.

ಎಲ್ಲವೂ ಹೀಗೆ ಸುಗಮವಾಗಿ ನಡೆಯುತ್ತಿದ್ದಾಗ ಆ ಅವಘಡ ಸಂಭವಿಸಿತು. ಬೇರೆ ಊರಿನಿಂದ ವರ್ಗವಾಗಿ ಬಂದ, ನೀರಿನ ಪೈಪು ನೋಡಿಕೊಳ್ಳುವ ಹೊಸ ಲೈನ್‌ಮನ್, ಯಾರನ್ನೂ ಕೇಳದೆ, ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ತುಂಡುಗಳನ್ನು ಜೋಡಿಸಿ ಹಿಂದಿನ ಬೀದಿಯ ಪೈಪನ್ನು ಸರಿಮಾಡಿಬಿಟ್ಟ. ಬೆಳಿಗ್ಗೆ ನಲ್ಲಿಗಳಲ್ಲಿ ನೀರು ಬಂತು.

ಕಚೇರಿ ತೆರೆಯುವ ಮೊದಲೇ ಬೀದಿಯವರೆಲ್ಲ ಬಾಗಿಲಲ್ಲಿದ್ದರು. ಮುಂದೆ ಟೈಲರಮ್ಮ.

"ಸಾರ್, ಯಾರೋ ನೀರು ಬಿಟ್ಟಿದ್ದಾರೆ," ಎಂದಳು. "ಪಕ್ಕದ ಬೀದಿಗೂ ಬಿಟ್ಟರೆ ಸಾಲಿಗೆ ಯಾರು ಬರ್ತಾರೆ? ದಿಂಬಿಗೆ ಸಾಲ ಮಾಡಿ ಹತ್ತಿ ತಂದಿದೀನಿ. ಏರಿಸಿದ ಬಾಡಿಗೆ ಎಲ್ಲಿಂದ ಕಟ್ಟಲಿ?"

"ಗಾಬರಿಯಾಗಬೇಡಿ," ಎಂದರು ಸಾಹೇಬರು, ಎದ್ದು ನಿಂತು. ಅವರು ಸಾರ್ವಜನಿಕರ ಮುಂದೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇದು ಇಲಾಖೆಯ ಅರಿವಿಗೆ ಬಾರದೆ ನಡೆದದ್ದು. ತಪ್ಪಿತಸ್ಥರನ್ನು ಬಿಡುವುದಿಲ್ಲ."

ಲೈನ್‌ಮನ್‌ನನ್ನು ಕರೆಸಿದರು. "ಪೈಪು ಒಡೆದಿತ್ತು ಸಾರ್, ಅದಕ್ಕೆ..." ಎಂದ ಅವನು. ಮುಂದೆ ಹೇಳಲು ಅವನ ಬಳಿ ಸಮರ್ಥನೆಯೇ ಇರಲಿಲ್ಲ. ಅಮಾನತು ಮಾಡಿದರು. ಮಧ್ಯಾಹ್ನದೊಳಗೆ ನೀರು ನಿಂತಿತು. ಬೀದಿಯವರು ಇಲಾಖೆಯ ಇಂತಹ ಚುರುಕನ್ನು ಹಿಂದೆಂದೂ ಕಂಡಿರಲಿಲ್ಲವೆಂದು ಹೊಗಳಿ ಅಂಗಡಿಗಳಿಗೆ ಮರಳಿದರು.

ಟೈಲರಮ್ಮ ಮಾತ್ರ ಸಂಜೆ ಮತ್ತೆ ಬಂದಳು. ಎರಡು ಕೈಯಲ್ಲೂ ತುಂಬಿದ ಬಕೆಟ್.

"ಬೆಳಿಗ್ಗೆ ಗೊತ್ತಾಗದೆ ಹಿಡಿದುಬಿಟ್ಟೆ ಸಾರ್. ಅಮ್ಮ ಒಂದು ಲೋಟ ಕುಡಿದಿದ್ದಾಳೆ. ಮಿಕ್ಕಿದ್ದು ಹಾಗೇ ಇದೆ."

ನೀರನ್ನು ವಾಪಸ್ ಪಡೆಯುವ ಬಗ್ಗೆ ನಮ್ಮಲ್ಲಿ ನಿಯಮವಿರಲಿಲ್ಲ. ಲೆಕ್ಕಾಧಿಕಾರಿಗಳು ಬಹಳ ಹೊತ್ತು ಯೋಚಿಸಿ, ಬಕೆಟ್‌ಗಳನ್ನು ತಮ್ಮ ಮೇಜಿನ ಪಕ್ಕ ಇಡಿಸಿಕೊಂಡು, ಆ ಒಂದು ಲೋಟದ ಬಾಬ್ತು ಎಷ್ಟಾಗುತ್ತದೆಂದು ಹೇಳಿದರು. ಅವಳು ಚೌಕಾಸಿ ಮಾಡದೆ ಕೊಟ್ಟು, ರಸೀದಿ ಕೇಳಿ ಪಡೆದು ಹೋದಳು.